ಅಡ್ಡ ಮಲಗಿದವ್ವನ ದಿಬ್ಬ

ಬಾಯಿ ಉಂಟು, ಹಲ್ಲಿಲ್ಲ. ವರ್ಷವಿಡೀ ಉಣಿಸುತ್ತದೆ, ಒಂದು ದಿನ ಉಂಡವರನ್ನೇ ಉಣ್ಣುತ್ತದೆ. ಏನದು? ಬಾವಿ ಎಂದವರು ಸೋತರು, ಹುಲಿ ಎಂದವರು ಇನ್ನೂ ಸೋತರು. ಕರಿಮಟ್ಟಿಯ ಊರಾಚೆ, ಎರೆಹೊಲಗಳ ನಡುವೆ ಒಂದು ದಿಬ್ಬವಿದೆ. ಅದರ ಮೇಲೆ ಆಳುದ್ದದ ಬಂಡೆಯೊಂದು ಮಲಗಿದೆ. ಗುಡಿಯಿಲ್ಲ, ಪೂಜೆಯಿಲ್ಲ. ಇದನ್ನು ಅಡ್ಡ ಮಲಗಿದವ್ವನ ದಿಬ್ಬ ಎನ್ನುತ್ತಾರೆ. ಬಂಡೆಯ ಕೆಳಗಿರುವುದು ಹಗೇವು, ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಒಗಟಿನ ಉತ್ತರವೂ ಅದೇ.

ಹಿಂದೆ ಒಮ್ಮೆ ಈ ಹಗೇವು ಸಾತವ್ವ ಎಂಬ ವಿಧವೆಯದಾಗಿತ್ತು. ಮುಚ್ಚಿಟ್ಟ ಕಾಳಿನ ನಡುವೆ ಗಾಳಿ ಕೆಟ್ಟು ವಿಷವಾಗುತ್ತದೆಂದು ಆ ಸೀಮೆಯ ಹಿರಿಯರಿಗೆ ಗೊತ್ತಿತ್ತು. ಬಾಯಿ ತೆರೆದೊಡನೆ ಹಣತೆಯನ್ನು ಬುಟ್ಟಿಯಲ್ಲಿಟ್ಟು ಇಳಿಬಿಡುವರು. ಆರಿದರೆ ಅಂದು ಯಾರೂ ಇಳಿಯರು. ಬರಬರುತ್ತಾ ಜನ ಗಾಳಿಯನ್ನು ಮರೆತರು, ದೀಪ ಆರುವುದು ಅಪಶಕುನ ಎಂಬುದನ್ನಷ್ಟೇ ಗಟ್ಟಿ ಹಿಡಿದರು. ಶುಭಕಾರ್ಯದ ಮನೆಯವರಂತೂ ದೀಪದ ಗೋಜಿಗೇ ಹೋಗರು. ಸಾತವ್ವನ ಹಿರಿಮಗ ಅಡಿವೆಪ್ಪನ ಲಗ್ನ ಗೊತ್ತಾಗಿತ್ತು. ಬೀಗರ ಊಟಕ್ಕೆ ಜೋಳ ತೆಗೆಯಬೇಕಿತ್ತು. ದೀಪ ತರಲೇ ಎಂದು ಅವನು ಕೇಳಿದ್ದುಂಟು.

"ಮದಿವಿ ಮನಿ ದೀಪ ಆರಬಾರದಪಾ. ಹಂಗ ಇಳಿ," ಎಂದಳು ಸಾತವ್ವ.

ಕಿರಿಯವ ದುಂಡಪ್ಪ ಹಗ್ಗ ಹಿಡಿದು ಅಣ್ಣನನ್ನು ಕೆಣಕಿದ. "ಲಗೂನ ಏರಿ ಬಾ. ತಡಾ ಮಾಡಿದ್ರ ಬಾಸಿಂಗ ನಾ ಕಟ್ಟಿಕೊಂಡು ಕುಂದರತೀನಿ."

ಕೆಳಗಿನಿಂದ ನಗು ಬಂತು. ಆಮೇಲೆ ಏನೂ ಬರಲಿಲ್ಲ. ಪಕ್ಕದ ಹೊಲದಲ್ಲಿದ್ದ ಸಾತವ್ವನ ಮೈದುನ ಓಡಿ ಬಂದು, ಏನಾಯಿತೆಂದು ನೋಡಲು ಇಳಿದ. ಅವನೂ ಅಲ್ಲೇ ಕುಸಿದ. ದುಂಡಪ್ಪ ರುಮಾಲು ಬಿಸುಟು ಕಾಲಿಳಿಬಿಟ್ಟಾಗ, ತಾನು ಬೇಡವೆಂದ ದೀಪ ಏತಕ್ಕಿತ್ತೆಂದು ಸಾತವ್ವನಿಗೆ ಹೊಳೆಯಿತು. ಅವನನ್ನು ಹಿಂದಕ್ಕೆ ಎಳೆದು ಕೆಡವಿ, ಹಗೇವಿನ ಬಾಯಿಗೆ ಅಡ್ಡಲಾಗಿ ಮಲಗಿಬಿಟ್ಟಳು. ಅವನು ಜಗ್ಗಿದ, ಬೈದ, ಕೊನೆಗೆ ಕಾಲು ಹಿಡಿದ.

"ಅಣ್ಣಗ ಇನ್ನೂ ಜೀವ ಇರಬೇಕು. ಏಳ ಯವ್ವಾ."

"ಇರಬಹುದು," ಎಂದಳು ಸಾತವ್ವ. "ನಿಂದಂತೂ ಐತಿ. ನಾ ಏಳಾಂಗಿಲ್ಲ."

ಊರವರು ಬಂದು ದುಂಡಪ್ಪನನ್ನು ಹಿಡಿದುಕೊಂಡ ಮೇಲಷ್ಟೇ ಅವಳು ಎದ್ದಳು. ಕಂಬಳಿ ಬೀಸಿ ಗಾಳಿಯಾಡಿಸಿದರು. ಬಿಟ್ಟ ಹಣತೆಗಳೆಲ್ಲ ಆರಿದವು. ಹೊತ್ತು ವಾಲಿದ ಮೇಲೆ ಒಂದು ನಿಂತು ಉರಿಯಿತು. ಆಗ ಇಳಿದು ಎರಡು ಹೆಣಗಳನ್ನು ಮೇಲೆತ್ತಿದರು. ಹಗೇವಿನ ಬಾಯಿಗೆ ಬಂಡೆ ಎಳೆದರು.

ಅಂದಿನಿಂದ ಆ ಸೀಮೆಯಲ್ಲಿ ಹಗೇವಿಗಾಗಲಿ ಹಾಳುಬಾವಿಗಾಗಲಿ ದೀಪ ಬಿಡದೆ ಇಳಿಯುವುದಿಲ್ಲ. ಅದು ಆರಿದರೆ ಒಂದು ಜೀವ ಉಳಿಯಿತೆಂದು ಬೆಲ್ಲ ಹಂಚುತ್ತಾರೆ. ದಿಬ್ಬಕ್ಕೆ ಹೋದವರಿಗೆ ಬಂಡೆಯ ತಲೆದೆಸೆಯಲ್ಲಿ ಒಂದು ಚಿಕ್ಕ ಕಲ್ಲು ಕಾಣುತ್ತದೆ. ಅದು ದುಂಡಪ್ಪ, ಮುಪ್ಪಿನಲ್ಲಿ ಒಮ್ಮೆ ಬಂದು, ಅವ್ವನ ತಲೆ ನೇವರಿಸುತ್ತಾ ಅಲ್ಲೇ ಕಲ್ಲಾದ ಎಂದರೆ ಕೇಳಿದವರು ಕಣ್ಣೊರೆಸಿಕೊಂಡು ಸಮಾಧಾನದಿಂದ ಹೋಗುತ್ತಾರೆ.

ಅದೊಂದು ಮಾತ್ರ ನಾನು ಕಟ್ಟಿದ ಸುಳ್ಳು. ಆ ಕಲ್ಲನ್ನು ಕುರಿ ಕಾಯುವವರು ಕೂರಲೆಂದು ಉರುಳಿಸಿ ತಂದರು. ಊರವರು ಹೇಳುವುದು ಇಷ್ಟೇ: ದುಂಡಪ್ಪ ಬದುಕಿದ, ಅವಳು ತಟ್ಟಿದ ರೊಟ್ಟಿಯನ್ನೇ ಉಂಡ, ಆದರೆ ಮತ್ತೆಂದೂ ಅವಳನ್ನು ಅವ್ವಾ ಎನ್ನಲಿಲ್ಲ.