ಟೋಪಿಗೆ ಗುರಿಯಿಡಿ, ಧಣಿ

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ ಮುಹೂರ್ತದಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ದೂರದ ಕಾಯಿಗೆ ಮಾದಯ್ಯ ಸಾಹುಕಾರರು ಹೊಡೆದ ಗುಂಡೆಲ್ಲ ಒಂದು ಮೊಳ ಬಲಕ್ಕೇ ಹೋಗುತ್ತಿತ್ತು. ಕೋವಿಯ ಮೇಲೆ ಗುರಿ ನೋಡುವ ಕಬ್ಬಿಣದ ಕಂಡಿ ಸರಿದುಬಿಟ್ಟಿತ್ತು.

ಸಾಹುಕಾರರು ಆಳು ಬೊಳ್ಳನ ಮೇಲೆ ಹರಿಹಾಯ್ದರು. "ಸರಿಮಾಡೋ! ಆದರೆ ಕಂಡಿ ಮುಟ್ಟಬೇಡ, ಸ್ವರ್ಗದಲ್ಲಿರೋ ಅಜ್ಜ ಕೂರಿಸಿದ್ದು. ಕಾಯಿ ಒಡೀಲಿಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಮುಟ್ಟದೆ ಸರಿಮಾಡೋಕೆ ತಾನೇನು ಮಂತ್ರವಾದಿಯೇ? ಬೊಳ್ಳನಿಗೆ ತಲೆ ಕೆಟ್ಟುಹೋಯಿತು. ಸಾಹುಕಾರರ ಟೋಪಿಯನ್ನೇ ಎತ್ತಿಕೊಂಡು ಹೋಗಿ, ಕಾಯಿಯ ಎಡಕ್ಕೆ ಒಂದು ಮೊಳ ದೂರದ ಗೂಟಕ್ಕೆ ಸಿಕ್ಕಿಸಿದ.

"ಟೋಪಿಗೆ ಗುರಿಯಿಡಿ, ಧಣಿ."

"ಲೋ, ಅದು ಮಾವ ಕೊಟ್ಟ ಟೋಪಿ ಕಣೋ!"

"ನೀವು ಗುರಿಯಿಟ್ಟಿದ್ದಕ್ಕೆ ಇವತ್ತಿನವರೆಗೂ ಏನೂ ಆಗಿಲ್ಲವಲ್ಲ!"

ಢಂ! ಕಾಯಿ ಚೂರುಚೂರು. "ಅಯ್ಯೋ, ಟೋಪಿಗಿಟ್ಟ ಗುರಿ ತಪ್ಪಿಹೋಯ್ತು!" ಎಂದು ಜನ ಬಿದ್ದುಬಿದ್ದು ನಕ್ಕರು.

ಸಾಹುಕಾರರು ಬೊಳ್ಳನ ಕೈಗೆ ಸುತ್ತಿಗೆ ತುರುಕಿ ಪಿಸುಗುಟ್ಟಿದರು: "ಕಂಡಿ ಸರಿಸು ಮಾರಾಯ. ಅಜ್ಜನ ಹತ್ತಿರ ನಾನು ಮಾತಾಡ್ಕೋತೀನಿ."