ಕೆಂಚಿ ಜಿಂಕೆ ಮೊದಲು ನೆಗೆದದ್ದು

ಆಗ ಭೂಮಿ ಇನ್ನೂ ಹಸಿಹಸಿಯಾಗಿತ್ತು ಮಗು. ಎಲ್ಲಿ ಕೂರುವುದೆಂದು ಬೆಟ್ಟಗಳು ಜಾಗ ಹುಡುಕುತ್ತಿದ್ದವು. ಬಯಲಿಗೆ ಮಾತ್ರ ಆಗಲೇ ಹುಲ್ಲು ಬಂದಿತ್ತು, ಜಿಂಕೆ ಬಂದಿತ್ತು, ತೋಳವೂ ಬಂದಿತ್ತು. ತೋಳ ಬಂದ ಮೇಲೆ ಕೇಳಬೇಕೇ!

ಆ ತೋಳದ ಮಾತು ಬೆಲ್ಲದಂತೆ. ಒಂದು ದಿನ ಜಿಂಕೆಗಳ ಹಿಂಡಿಗೆ ಹೇಳಿತು: "ನಿಮ್ಮ ಕಾಲು ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ ಕಣ್ರಪ್ಪಾ. ಕಡ್ಡಿ ಇದ್ದ ಹಾಗಿವೆ. ಹಾಗೇ ಓಡಿದ್ರೆ ನರ ಹರಿದುಹೋಗುತ್ತೆ. ಬೆಳಿಗ್ಗೆ ಎದ್ದು ಕಾಲು ಹಿಂದಕ್ಕೆ ಚಾಚಿ, ಅಲ್ಲಾಡದೆ ನಿಂತ್ಕೊಳ್ಳಿ. ನಾನು 'ಸಾಕು' ಅಂದ ಮೇಲೆ ಓಡಿ."

ಯಾರು ಯಾರಿಗೆ ಬುದ್ಧಿ ಹೇಳಿದ್ದು ನೋಡು! ತೋಳ, ಜಿಂಕೆಗೆ! ಆದರೆ ಹಿಂಡಿನ ಹಿರಿಯ ಕರಿಯಜ್ಜ, ತಿರುಚಿದ ಕೊಂಬಿನ ದೊಡ್ಡ ಗಂಡು ಜಿಂಕೆ, ಹೂಂ ಎಂದು ತಲೆ ತೂಗಿಬಿಟ್ಟ. ಅವತ್ತಿನಿಂದ ಅದೇ ಶಾಸ್ತ್ರವಾಯಿತು.

ಚಳಿಯ ಮುಂಜಾನೆ ಜಿಂಕೆಗಳು ಕಾಲು ಚಾಚಿ ಕಲ್ಲಿನಂತೆ ನಿಲ್ಲುತ್ತಿದ್ದವು. ನಿಂತು ನಿಂತು ಮೈ ತಣ್ಣಗಾಗುತ್ತಿತ್ತು. ಚಾಚಿ ಚಾಚಿ ಕಾಲಿನ ಕಸುವು ಸಡಿಲವಾಗುತ್ತಿತ್ತು. ಆಗ ತೋಳ "ಸಾಕು" ಎಂದು ಕೂಗಿ ಮೇಲೆ ಬೀಳುತ್ತಿತ್ತು. ಓಡಲು ಹೋದರೆ ಕಾಲೇ ಏಳದು. ದಿನವೂ ಒಂದು ಮರಿ ಕಡಿಮೆ.

ಅದಕ್ಕೆ ಕರಿಯಜ್ಜ ಏನೆಂದ ಗೊತ್ತೇ? "ನಾವು ಚಾಚಿದ್ದು ಸಾಲದು. ನಾಳೆ ಇನ್ನೂ ಹೆಚ್ಚು ಹೊತ್ತು ನಿಲ್ಲೋಣ." ಇಂಥವರಿಗೆ ಏನು ಹೇಳುವುದು! ಈಗ ನೆನೆದರೂ ನನಗೆ ಹೊಟ್ಟೆ ಉರಿಯುತ್ತದೆ.

ಕೆಂಚಿ ಎಂಬ ತಾಯಿ ಜಿಂಕೆಯ ಮೊದಲ ಮರಿ ಹಾಗೇ ಹೋಗಿತ್ತು. ಎರಡನೆಯದಕ್ಕೆ ಇನ್ನೂ ಕಾಲು ಬಲಿತಿರಲಿಲ್ಲ. ನಾಳೆ ತೋಳದ ಬಾಯಿಗೆ ಹೋಗುವುದು ಇದೇ ಎಂದು ಅವಳಿಗೆ ಗೊತ್ತಾಯಿತು. ಅವಳು ಗಾಳಿಯನ್ನು ಕೇಳಿದಳು: "ಗಾಳಿಯಣ್ಣ, ನಾವೆಲ್ಲ ನಿಂತಿರುವಾಗ ಆ ತೋಳ ಏನು ಮಾಡ್ತಿರುತ್ತೆ?"

"ಪೊದೆ ಹಿಂದೆ ಅತ್ತಿಂದಿತ್ತ ಕುಣಿದಾಡ್ತಿರುತ್ತೆ ಕಣಮ್ಮ," ಎಂದಿತು ಗಾಳಿ. "ಸಣ್ಣಗೆ ಓಡುತ್ತೆ, ನೆಗೆಯುತ್ತೆ. ಮೈ ಬಿಸಿಯಾದ ಮೇಲೇ 'ಸಾಕು' ಅನ್ನೋದು. ನಾನೂ ಅಷ್ಟೇ. ನಿಂತಲ್ಲಿಂದ ಒಂದೇ ಸಲ ಬಿರುಗಾಳಿ ಆಗೋಕೆ ನನಗೂ ಬರಲ್ಲ. ಮೊದಲು ಹುಲ್ಲಿನ ಮೇಲೆ ಒಂದಿಷ್ಟು ಉರುಳಾಡ್ಬೇಕು."

ಕೆಂಚಿಗೆ ಮೈಯೆಲ್ಲ ಉರಿದುಹೋಯಿತು. "ನಮಗೆ ನಿಲ್ಲೋ ಶಾಸ್ತ್ರ, ತನಗೆ ಕುಣಿಯೋ ಶಾಸ್ತ್ರವೋ!"

ಮರುದಿನ ಬೆಳಿಗ್ಗೆ ಎಲ್ಲರೂ ಕಾಲು ಚಾಚಿದರು. ಕೆಂಚಿ ಚಾಚಲಿಲ್ಲ. ಪೊದೆ ಅಲ್ಲಾಡಿದ್ದೇ ತಡ, ನೆಟ್ಟಗೆ ಮೇಲಕ್ಕೆ ನೆಗೆದಳು.

"ಏ ಕೆಂಚಿ! ಶಾಸ್ತ್ರ ಕೆಡಿಸ್ತೀಯಾ?" ಕರಿಯಜ್ಜ ಗದರಿದ.

"ನಿಮ್ಮ ಶಾಸ್ತ್ರಕ್ಕೆ ಬೆಂಕಿ ಬೀಳ! ನನ್ನ ಕೂಸನ್ನ ತಿಂದ ಶಾಸ್ತ್ರ ಅದು!" ಕೆಂಚಿ ಮತ್ತೆ ನೆಗೆದಳು. "ನೆಗಿ ಕಂದ, ನೆಗಿ!"

ಮರಿ ನೆಗೆಯಿತು. ಪಕ್ಕದವಳು ನೆಗೆದಳು. ಅವಳ ಪಕ್ಕದವಳೂ ನೆಗೆದಳು. ನೆಗೆದು ನೆಗೆದು ಎಲ್ಲರ ಮೈಯೂ ಬೆಚ್ಚಗಾಯಿತು, ಕಾಲಿಗೆ ಕಸುವು ಬಂತು. ನಾಚಿಕೊಂಡು ಕರಿಯಜ್ಜನೂ ನೆಗೆದ.

"ನಾನಿನ್ನೂ ಸಾಕು ಅಂದಿಲ್ಲ! ಅನ್ಯಾಯ, ಅನ್ಯಾಯ!" ಎಂದು ಅರಚುತ್ತ ತೋಳ ಪೊದೆಯಿಂದ ಹೊರಗೆ ಹಾರಿತು. ಅನ್ಯಾಯವಂತೆ! ಅದರ ಬಾಯಿಗೆ ಮಣ್ಣು ಹಾಕ! ಅಷ್ಟರಲ್ಲಿ ಹಿಂಡು ಬಯಲಿನ ಆ ತುದಿ ಮುಟ್ಟಿತ್ತು. ಕೆಂಚಿಯ ಮರಿ ತಾಯಿಯ ಪಕ್ಕದಲ್ಲೇ ಓಡುತ್ತಿತ್ತು.

ಅದಕ್ಕೇ ಮಗು, ಇವತ್ತಿಗೂ ಬಯಲಲ್ಲಿ ತೋಳದ ವಾಸನೆ ಬಂದರೆ ಮೊದಲು ಒಂದು ತಾಯಿ ಜಿಂಕೆ ನೆಟ್ಟಗೆ ಆಕಾಶಕ್ಕೆ ನೆಗೆಯುತ್ತದೆ, ಅವಳನ್ನು ನೋಡಿ ಇನ್ನೊಂದು, ಮತ್ತೊಂದು, ಆಮೇಲೆ ಇಡೀ ಹಿಂಡೇ ನೆಗೆದು ಓಟ ಕೀಳುತ್ತದೆ, ಮತ್ತು ಯಾವ ಅಜ್ಜನೂ ಅವಳನ್ನು ಗದರುವುದಿಲ್ಲ.