ಆನೆಯ ಕೊರಳಲ್ಲಿದ್ದ ಗಡಿಯಾರ

ಅನಸೂಯೆ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು: "ಗುರುಗಳೇ, ಒಬ್ಬರನ್ನು ಕಾಯುವ ಹೊಣೆ ಹೊತ್ತವಳು ನಿದ್ದೆ ಮಾಡಬಹುದೇ?"

ಅವಳ ತಂಗಿಗೆ ಮೂರ್ಛೆರೋಗವಿತ್ತು. ಅದು ಯಾವಾಗ ಬರುತ್ತದೆಂದು ಹೇಳುವಂತಿರಲಿಲ್ಲ. ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದರೂ ತಿಂಗಳುಗಳಿಂದ ತಂಗಿಯ ಪಕ್ಕದಲ್ಲಿ ಕುಳಿತು ಬೆಳಗು ಮಾಡುತ್ತಿದ್ದವಳು ಅನಸೂಯೆಯೇ. ಈಗ ಅವಳಿಗೆ ಕಣ್ಣು ತೆರೆದಿಡುವುದೇ ಕಷ್ಟವಾಗಿತ್ತು. ಆಡುತ್ತಿದ್ದ ಮಾತು ಅರ್ಧಕ್ಕೇ ಮರೆತುಹೋಗುತ್ತಿತ್ತು.

ಗುರುಗಳು ಹೇಳಿದರು:

ಕಾಡಂಚಿನ ಊರುಗಳ ಸುತ್ತ ಆನೆಗಳ ಒಂದು ಹಿಂಡು ತಿರುಗುತ್ತಿತ್ತು. ಒಂದು ಹಿರಿಯ ಹೆಣ್ಣಾನೆ ಅದರ ಮುಂದಾಳು. ಅದು ಹೋದಲ್ಲಿಗೆ ಹಿಂಡು ಹೋಗುತ್ತಿತ್ತು. ಹಿಂಡು ಎಲ್ಲಿದೆ ಎಂದು ಮೊದಲೇ ತಿಳಿದರೆ ಜನ ಆ ದಾರಿ ಬಿಟ್ಟು ನಡೆದಾರು ಎಂದು ಅರಣ್ಯ ಇಲಾಖೆಯವರು ಆ ಆನೆಯ ಕೊರಳಿಗೆ ರೇಡಿಯೋ ಕಾಲರ್ ಎಂಬ ಪಟ್ಟಿ ಕಟ್ಟಿದರು. ಕಾಲರ್ ಮಾಡಿಕೊಟ್ಟವಳು ಇಂದುಮತಿ ಎಂಬ ಎಂಜಿನಿಯರ್.

ಕಾಲರಿನೊಳಗೆ ಒಂದು ಮೈಕ್ರೋಕಂಟ್ರೋಲರ್ ಇತ್ತು. ಯಂತ್ರದ ಕೆಲಸವನ್ನೆಲ್ಲ ನಡೆಸುವುದು ಅದೇ. ಅದರ ಪಕ್ಕದಲ್ಲಿ ಒಂದು ಪುಟ್ಟ ಗಡಿಯಾರ. ಮೈಕ್ರೋಕಂಟ್ರೋಲರ್ ಹೆಚ್ಚು ಹೊತ್ತು ಮಲಗಿರುತ್ತಿತ್ತು. ಗಡಿಯಾರ ಮಾತ್ರ ಎಚ್ಚರವಾಗಿರುತ್ತಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಗಂಟೆಗೊಮ್ಮೆ ಅದು ಮೈಕ್ರೋಕಂಟ್ರೋಲರನ್ನು ಎಬ್ಬಿಸುತ್ತಿತ್ತು. ಎದ್ದ ಮೈಕ್ರೋಕಂಟ್ರೋಲರ್ ಆನೆ ಇರುವ ಜಾಗವನ್ನು ಗುರುತಿಸಿ, ಊರವರ ಫೋನುಗಳಿಗೆ ಸುದ್ದಿ ಮುಟ್ಟಿಸಿ, ಮತ್ತೆ ಮಲಗುತ್ತಿತ್ತು. ಹೀಗೆ ಮಲಗಿ ಎದ್ದು ನಡೆದರೆ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಬರಲೇಬೇಕು. ಬ್ಯಾಟರಿ ಬದಲಿಸುವುದೆಂದರೆ ಆನೆಗೆ ಮತ್ತೆ ಅರಿವಳಿಕೆ ಕೊಟ್ಟು ಕೆಡವುವುದು. ಅದರಲ್ಲಿ ಆನೆಯ ಪ್ರಾಣಕ್ಕೆ ಅಪಾಯವಿದೆ.

ಮೊದಲ ವರ್ಷ ಯಾರಿಗೂ ಏನೂ ಆಗಲಿಲ್ಲ. ಮರುವರ್ಷ ಮಾದೇವಮ್ಮ ಎಂಬ ಹೆಂಗಸು ಸೌದೆಗೆ ಹೊರಟಳು. ಹೊರಡುವ ಮೊದಲು ಫೋನು ನೋಡಿದ್ದಳು. ಹಿಂಡು ಹಳ್ಳದಾಚೆ ಇತ್ತು. ಮುಂದಿನ ಸುದ್ದಿ ಬರುವುದರೊಳಗೆ ಹಿಂಡು ಹಳ್ಳ ದಾಟಿತು. ಮುಂದಿದ್ದ ಆ ಹೆಣ್ಣಾನೆ ಅವಳನ್ನು ತುಳಿದು ಕೊಂದಿತು.

ಇಂದುಮತಿ ಆ ಮನೆಗೆ ಹೋದಳು. ಗಂಡ ಕೇತಯ್ಯ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಆ ಹೊತ್ತಿನಲ್ಲಿ ನಿಮ್ಮ ಯಂತ್ರ ಏನು ಮಾಡುತ್ತಿತ್ತಮ್ಮಾ?" ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ತಿಳಿಯಬೇಕಾಗಿತ್ತು, ಅಷ್ಟೆ.

"ಮಲಗಿತ್ತು" ಎಂದಳು ಇಂದುಮತಿ.

ಆ ಮಾತು ಆಡಿದ ಮೇಲೆ ಅವಳಿಗೆ ಅನ್ನ ಸೇರಲಿಲ್ಲ. ಮರಳಿ ಬಂದವಳೇ ಕಾಲರಿಗೆ ಹೊಸ ಆಜ್ಞೆ ಕಳಿಸಿದಳು. ಇನ್ನು ಮಲಗುವುದು ಬೇಡ, ಸದಾ ಎಚ್ಚರವಿದ್ದು ಆನೆಯ ಒಂದೊಂದು ಹೆಜ್ಜೆಯನ್ನೂ ತಿಳಿಸಬೇಕು. ಜೊತೆಯಲ್ಲಿ ಕೆಲಸ ಮಾಡುವವರು ಬೇಡವೆಂದರು. ಅರ್ಧ ಗಂಟೆಗೊಮ್ಮೆ ಎಬ್ಬಿಸೋಣ, ಊರಿನಲ್ಲಿ ಕಾವಲಿಗೆ ಜನರನ್ನೂ ಇಡೋಣ ಎಂದರು. ಅರ್ಧ ಗಂಟೆಯಲ್ಲೂ ಒಬ್ಬರು ಸಾಯಬಹುದು ಎಂದು ಅವಳು ಒಪ್ಪಲಿಲ್ಲ.

ಆನೆ ಕೆರೆಗೆ ಇಳಿದದ್ದು, ಬಿದಿರು ಮೆಳೆಯಲ್ಲಿ ನಿಂತದ್ದು, ಎಲ್ಲವೂ ಅವಳಿಗೆ ಕಾಣತೊಡಗಿತು. ನೆಮ್ಮದಿಯಾಯಿತು. ಊರವರಿಗೂ ಧೈರ್ಯ ಬಂತು. ಬ್ಯಾಟರಿ ಇಳಿಯುತ್ತಿರುವುದು ಅವಳಿಗೆ ಗೊತ್ತಿತ್ತು. ನಾಳೆಯಿಂದ ಮಲಗಿಸುತ್ತೇನೆ ಎಂದುಕೊಳ್ಳುತ್ತಿದ್ದಳು. ಮಾರನೆಯ ದಿನ ಯಾರೋ ಕಾಡಿನ ದಾರಿ ಹಿಡಿದಿರುತ್ತಿದ್ದರು. ಮಲಗಿಸಲು ಮನಸ್ಸು ಬರುತ್ತಿರಲಿಲ್ಲ.

ರಾಗಿ ತೆನೆ ಬಲಿಯುವ ಹೊತ್ತಿಗೆ ಕಾಲರ್ ಸುಮ್ಮನಾಯಿತು. ಹಿಂಡು ಹೊಲಗಳಿಗೆ ಇಳಿಯುವ ಕಾಲ ಅದು. ಯಾವ ದಿಕ್ಕಿನಿಂದ ಬರುತ್ತದೆಂದು ಯಾರಿಗೂ ತಿಳಿಯದು. ಜನ ಹೊಸ್ತಿಲು ದಾಟಲು ಹೆದರಿದರು. ಬ್ಯಾಟರಿ ಬದಲಿಸದೆ ಬೇರೆ ದಾರಿ ಉಳಿಯಲಿಲ್ಲ.

ಅರಣ್ಯದವರು ಹಿಂಡನ್ನು ಹುಡುಕಿದರು. ಪಶುವೈದ್ಯರು ದೂರದಿಂದ ಅರಿವಳಿಕೆಯ ಮದ್ದು ಹೊಡೆದರು. ಆನೆ ಗಾಬರಿಯಿಂದ ಓಡಿ, ಇಳಿಜಾರಿನಲ್ಲಿ ಎದೆಯ ಮೇಲೆ ಕುಸಿಯಿತು. ಹಾಗೆ ಬಿದ್ದ ಆನೆಗೆ ತನ್ನ ಮೈಭಾರಕ್ಕೇ ಉಸಿರು ಕಟ್ಟುತ್ತದೆ. ಮಗ್ಗುಲಿಗೆ ಹೊರಳಿಸಲು ಎಲ್ಲರೂ ಹಗ್ಗ ಹಿಡಿದು ಎಳೆದರು. ಊರವರೂ ಎಳೆದರು. ಕೇತಯ್ಯನೂ ಎಳೆದ. ಇಂದುಮತಿಯ ಅಂಗೈ ಸುಲಿದುಹೋಯಿತು. ವೈದ್ಯರು ಎಚ್ಚರಿಸುವ ಮದ್ದನ್ನೂ ಕೊಟ್ಟರು. ಆನೆ ಏಳಲಿಲ್ಲ.

ಅದರ ಮರಿ ಅಲ್ಲಿಂದ ಕದಲಲಿಲ್ಲ. ತಾಯಿಯ ಕಿವಿಯನ್ನು ಸೊಂಡಿಲಿನಿಂದ ಎತ್ತಿ ಎತ್ತಿ ನೋಡುತ್ತಿತ್ತು. ಕೇತಯ್ಯ ಕಣ್ಣೊರೆಸಿಕೊಂಡ.

"ನಿಮ್ಮ ಹೆಂಡತಿಯನ್ನು ಕೊಂದ ಆನೆ ಇದು" ಎಂದಳು ಇಂದುಮತಿ.

"ಹೌದಮ್ಮಾ. ನನ್ನ ಮಗಳೂ ಹೀಗೇ ಅವಳ ತಾಯಿಯನ್ನು ಏಳಿಸಲು ನೋಡಿದಳು" ಎಂದ ಅವನು.

ಇಂದುಮತಿ ಬಹಳ ದಿನ ಕೆಲಸಕ್ಕೆ ಹೋಗಲಿಲ್ಲ. ಹಿಂಡಿಗೆ ಇನ್ನೊಂದು ಹೆಣ್ಣಾನೆ ಮುಂದಾಳಾಯಿತು. ಮರಿಯನ್ನು ಅದು ತನ್ನ ಜೊತೆ ಸೇರಿಸಿಕೊಂಡಿತು. ಊರವರು ಬಂದು ಇನ್ನೊಂದು ಕಾಲರ್ ಮಾಡಿಕೊಡಿ ಎಂದು ಕೇಳಿದರು. ಅವಳು ಮಾಡಿಕೊಟ್ಟಳು. ಅರ್ಧ ಗಂಟೆಗೊಮ್ಮೆ ಎಬ್ಬಿಸುವಂತೆ ಗಡಿಯಾರವನ್ನು ಹೊಂದಿಸಿದಳು. ನಡುವಿನ ಹೊತ್ತಿಗೆಂದು ಊರವರು ಮರಗಳ ಮೇಲೆ ಅಟ್ಟಣೆ ಕಟ್ಟಿ ಸರದಿಯ ಮೇಲೆ ಕಾದರು. ಕೇತಯ್ಯನೂ ತನ್ನ ಸರದಿಗೆ ಅಟ್ಟಣೆ ಹತ್ತಿದ.

ಹೀಗಿದ್ದರೂ ಒಂದು ದಿನ ಕಾಡಿನ ದಾರಿಯಲ್ಲಿ ಆನೆಗೆ ಸಿಕ್ಕಿ ಒಬ್ಬನ ಕಾಲು ಮುರಿಯಿತು. ಆಗಲೂ ಯಂತ್ರ ಮಲಗಿತ್ತು. ಸುದ್ದಿ ಕೇಳಿದ ಇಂದುಮತಿ ಇನ್ನು ಮಲಗಬೇಡ ಎಂಬ ಆಜ್ಞೆಯನ್ನು ಮತ್ತೆ ಬರೆದಳು. ಅದರ ಮುಂದೆಯೇ ಕುಳಿತುಕೊಂಡಳು. ಅತ್ತಳು. ಆಜ್ಞೆಯನ್ನು ಕಳಿಸಲಿಲ್ಲ. ಎದ್ದು, ಪೆಟ್ಟಾದವನನ್ನು ನೋಡಲು ಆಸ್ಪತ್ರೆಗೆ ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅನಸೂಯೆ ಕೇಳಿದಳು: "ಹಾಗಾದರೆ ನಾನು ಮಲಗಬಹುದು ಎನ್ನುತ್ತೀರಾ?"

ಗುರುಗಳು ಹೇಳಿದರು: "ಅದನ್ನು ನನ್ನಲ್ಲಿ ಕೇಳುತ್ತೀಯಲ್ಲ ಮಗಳೇ, 'ಸ್ವಲ್ಪ ಹೊತ್ತು ನೀವು ಕಾಯಿರಿ, ಬೇಕಾದಾಗ ನನ್ನನ್ನು ಎಬ್ಬಿಸಿ' ಎಂದು ಮನೆಯವರಲ್ಲಿ ಒಮ್ಮೆಯಾದರೂ ಕೇಳಿದ್ದೀಯಾ?"